ನಲ್ಲಿಯ ಕೆಳಗಿನ ಹಸಿ ಮಣ್ಣು

ಏಪ್ರಿಲ್ ಮಧ್ಯಾಹ್ನಗಳಲ್ಲಿ ಮಾಟುಂಗದ ನಮ್ಮ ಗಲ್ಲಿಯಲ್ಲಿ ಎರಡು ಬಗೆಯ ಟುಕ್ ಕೇಳುತ್ತದೆ. ಒಂದು ಅರಳಿಮರದ ತುದಿಯಿಂದ ಬರುವುದು. ಅಲ್ಲಿ ಚಿಟ್ಟುಕುಟ್ರ ಕೂತಿರುತ್ತದೆ: ಗುಬ್ಬಿಗಿಂತ ತುಸು ದಪ್ಪ, ಹಸಿರು ಮೈ, ಕೆಂಪು ಹಣೆ. ಕೊಕ್ಕು ಮುಚ್ಚಿಕೊಂಡೇ ಗಂಟಲ ಚರ್ಮ ಉಬ್ಬಿಸಿ, ನಿಮಿಷಕ್ಕೆ ನೂರರ ಮೇಲೆ, ಒಂದಿಷ್ಟೂ ಲಯ ತಪ್ಪದೆ ಕೂಗುತ್ತದೆ. ಕೂಗುತ್ತಾ ತಲೆಯನ್ನು ಅತ್ತಿತ್ತ ತಿರುಗಿಸುವುದರಿಂದ ದನಿ ಯಾವ ದಿಕ್ಕಿನದೆಂದು ಪತ್ತೆ ಹಚ್ಚಲು ಕಣ್ಣಿಗಿಂತ ತಾಳ್ಮೆ ಹೆಚ್ಚು ಬೇಕು. ಇನ್ನೊಂದು ಟುಕ್ ನೆಲಮಟ್ಟದ್ದು. ಮಳೆಮರದ ನೆರಳಲ್ಲಿ ನಿಂತ ಕ್ಯಾಂಪರ್ ವ್ಯಾನಿನ ಒಳಗಿಂದ ಬರುತ್ತದೆ. ಒಮ್ಮೆ ಟುಕ್, ಆಮೇಲೆ ಬಹಳ ಹೊತ್ತು ಮೌನ, ಮತ್ತೊಮ್ಮೆ ಟುಕ್. ವ್ಯಾನಿನೊಳಗೆ ಯಾರೂ ಇಲ್ಲ, ನಲ್ಲಿಗಳೆಲ್ಲ ಮುಚ್ಚಿವೆ.

ಹಕ್ಕಿಯ ಟುಕ್ ಕ್ರಮವಾಗಿ ಬರುತ್ತಿದ್ದರೆ ಅದು ನೆಮ್ಮದಿಯಾಗಿದೆ ಎಂದು ತಿಳಿಯಬಹುದು. ಮುಚ್ಚಿದ ವ್ಯಾನಿನ ಟುಕ್ ಕ್ರಮವಾಗಿ ಬರುತ್ತಿದ್ದರೆ ಎಲ್ಲೋ ನೀರು ಸೋರುತ್ತಿದೆ.

ವ್ಯಾನು ಕೆಳಮನೆಯ ದಂಪತಿಯದು. ಮಕ್ಕಳು ಬೇರೆ ಊರು ಸೇರಿದ ಮೇಲೆ ಹಳೆಯ ಟೆಂಪೊ ವ್ಯಾನೊಂದನ್ನು ಕೊಂಡು, ಒಳಗೆ ಎರಡು ಮಂಚ, ಒಲೆ, ಸಿಂಕು, 80 ಲೀಟರಿನ ನೀರಿನ ಟ್ಯಾಂಕು ಕೂರಿಸಿಕೊಂಡರು. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಕಾರವಾನ್ ಪ್ರವಾಸಕ್ಕೆಂದೇ ನೀತಿಯೊಂದನ್ನು ತಂದಿತಾದರೂ ಇವರನ್ನು ಹೊರಡಿಸಿದ್ದು ನೀತಿಯಲ್ಲ, ಹಳೆಯ ಹುಚ್ಚು. ಬೇಸಾಯದ ನಂಟು ಇನ್ನೂ ಉಳಿದಿರುವ ವಿಜಯಪುರದ ಕಡೆಗೋ, ಕೊಂಕಣದ ಕಡಲಂಚಿಗೋ ಹೋಗಿ ಬರುತ್ತಾರೆ. ಉಳಿದ ದಿನ ಗಾಡಿ ಮಳೆಮರದ ಕೆಳಗೇ. ನಾನು ಬಾಲ್ಕನಿಯಲ್ಲಿ ದುರ್ಬೀನು ಹಿಡಿದು ಕೂರುವವನು, ಸ್ಪ್ಯಾನರು ಹಿಡಿಯುವವನಲ್ಲ. ಆದರೆ ಒಂದೇ ಜಾಗವನ್ನು ದಿನವೂ ನೋಡುತ್ತ ಕೂತವನ ಟಿಪ್ಪಣಿ ಪುಸ್ತಕಕ್ಕೆ ಆ ಜಾಗದಲ್ಲಿ ನಿಂತ ಗಾಡಿಯೂ ಬಂದೇ ಬರುತ್ತದೆ.

ಜಾಗದ ವಿಷಯ ಸ್ವಲ್ಪ ಹೇಳಬೇಕು. 1896ರ ಪ್ಲೇಗಿನ ನಂತರ, 1898ರಲ್ಲಿ ಹುಟ್ಟಿದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟು ದಾದರ್, ಮಾಟುಂಗ, ಸಯನ್‌ಗಳಲ್ಲಿ ಬಡಾವಣೆಗಳನ್ನು ಹಾಕಿತು. ಗಾಳಿ ಬೆಳಕಿಗೆ ದಾರಿ ಬಿಟ್ಟ ಅಗಲ ರಸ್ತೆ, ಇಕ್ಕೆಲದಲ್ಲಿ ಮರ, ನಡುವೆ ಐದು ತೋಟಗಳು ಆಗ ಬಂದವು. ದಕ್ಷಿಣದವರು ಗುಮಾಸ್ತರಾಗಿ, ಹೋಟೆಲಿನವರಾಗಿ ಇಲ್ಲಿಗೆ ಬಂದು ನೆಲೆಸಿದರು. 1926ರಲ್ಲಿ ಮೈಸೂರು ಅಸೋಸಿಯೇಷನ್ ಹುಟ್ಟಿತು. ಹಳಿಯ ಆಚೆ ಪಶ್ಚಿಮ ಮಾಟುಂಗದಲ್ಲಿ ಕರ್ನಾಟಕ ಸಂಘದ ಕಟ್ಟಡ ವಿಶ್ವೇಶ್ವರಯ್ಯನವರ ಹೆಸರು ಹೊತ್ತಿದೆ. ಮುಂಬಯಿ ಪ್ರಾಂತ್ಯದ ಇಂಜಿನಿಯರಾಗಿ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಒದಗಿಸಲು ಹೋದವರು ಅವರು. ಕೆಸರಾದ ಸಿಂಧೂ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ಜಿನುಗಿ ಬಂದ ತಿಳಿನೀರನ್ನು ಎತ್ತಿಸಿದರು. ನೀರು ಹರಿಯುವ ದಾರಿಯಲ್ಲೇ ಅದರ ಪರಿಹಾರವನ್ನು ಹುಡುಕಿದ ಆ ಕ್ರಮ ನನಗೆ ಯಾವತ್ತೂ ಇಷ್ಟ.

ಮಳೆಮರಗಳು ಅಮೆರಿಕದ ಉಷ್ಣವಲಯದಿಂದ ಬಂದವು. ಕಳೆದ ದಶಕದಲ್ಲಿ ಹಿಟ್ಟು ತಿಗಣೆ ಬಿದ್ದು ಮುಂಬಯಿಯ ಎಷ್ಟೋ ಮಳೆಮರಗಳು ಒಣಗಿದವು. ನಮ್ಮ ಗಲ್ಲಿಯ ಮರ ಉಳಿಯಿತು, ಆದರೆ ಒಂದು ಕಡೆಯ ಕೊಂಬೆಗಳು ಸತ್ತವು. ಸತ್ತ ಕೊಂಬೆಯ ಮೆತ್ತನೆ ಕಟ್ಟಿಗೆ ಚಿಟ್ಟುಕುಟ್ರಕ್ಕೆ ಬೇಕಾದದ್ದೇ. ಕೊಂಬೆಯ ಕೆಳಮೈಯಲ್ಲಿ, ಮಳೆ ನೀರು ಒಳಗಿಳಿಯದ ಹಾಗೆ, ದುಂಡನೆಯ ತೂತು ಕೊರೆದು ಸಂಸಾರ ಹೂಡುತ್ತದೆ. ಮಳೆಗಾಲಕ್ಕೆ ಮುಂಚೆ ಒಣಕೊಂಬೆ ಕತ್ತರಿಸಲು ಬರುವವರಿಗೂ ಮರಿಗಳಿಗೂ ನಡುವೆ ಪ್ರತಿವರ್ಷ ಒಂದು ಪೈಪೋಟಿ ನಡೆಯುತ್ತದೆ.

ಈಗ ಪಂಪು. ಇಂಥ ಗಾಡಿಗಳಲ್ಲಿ ಇರುವುದು ಎರಡು ಮುಷ್ಟಿಯಷ್ಟು ದೊಡ್ಡ ಯಂತ್ರ. 12 ವೋಲ್ಟಿನ ಮೋಟಾರು, ಅದರ ಮುಂದೆ ರಬ್ಬರಿನ ಪೊರೆ. ಪೊರೆ ಹಿಂದೆ ಸರಿದಾಗ ನೀರು ಒಳಬರುತ್ತದೆ, ಮುಂದೆ ಬಂದಾಗ ಹೊರಹೋಗುತ್ತದೆ. ಹೋದ ನೀರು ಹಿಂದಿರುಗದಂತೆ ಸಣ್ಣ ರಬ್ಬರ್ ಕವಾಟಗಳಿವೆ. ತಲೆಯ ಮೇಲೆ ಒತ್ತಡದ ಸ್ವಿಚ್ ಇದೆ. ನಲ್ಲಿ ಮುಚ್ಚಿದಾಗ ಕೊಳವೆಯೊಳಗೆ ಒತ್ತಡ ಏರಿ ಎರಡೂವರೆ ಬಾರ್ ಆಸುಪಾಸಿಗೆ ಬಂದರೆ ಆ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ. ನಲ್ಲಿ ತೆರೆದರೆ ಒತ್ತಡ ಇಳಿದು ಮತ್ತೆ ಚಾಲೂ. ಯುರೋಪಿನ ಕಾರವಾನುಗಳಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಅಲ್ಲಿ ಪುಟ್ಟ ಪಂಪು ಟ್ಯಾಂಕಿನೊಳಗೇ ಮುಳುಗಿರುತ್ತದೆ, ಅದನ್ನು ಎಬ್ಬಿಸುವ ಮೈಕ್ರೊಸ್ವಿಚ್ ನಲ್ಲಿಯ ಹಿಡಿಯ ಬುಡದಲ್ಲಿರುತ್ತದೆ. ಅಂಥ ಗಾಡಿಯಲ್ಲಿ ನಲ್ಲಿ ತಿರುಗಿಸಿದರೂ ಪಂಪು ಏಳದಿದ್ದರೆ, ಅಥವಾ ಮುಚ್ಚಿದರೂ ನಿಲ್ಲದಿದ್ದರೆ, ತೇವ ಸೇರಿದ ಆ ಸ್ವಿಚ್ಚನ್ನೇ ಮೊದಲು ಅನುಮಾನಿಸಬೇಕು.

ಒತ್ತಡದ ಪಂಪು ಇರುವ ಗಾಡಿ ನಲ್ಲಿ ಮುಚ್ಚಿದ ಮೇಲೆ ರಾತ್ರಿಯಿಡೀ ಸುಮ್ಮನಿರಬೇಕು. ನಡುನಡುವೆ ಟುಕ್ಕೆಂದರೆ ಒತ್ತಡ ಇಳಿಯುತ್ತಿದೆ ಎಂದರ್ಥ. ಇಳಿಯಲು ಎರಡೇ ದಾರಿ. ನೀರು ಹೊರಗೆ ಸೋರುತ್ತಿರಬೇಕು, ಇಲ್ಲವೆ ಪಂಪಿನ ಕವಾಟದಲ್ಲಿ ಮರಳಿನ ಕಾಳೊಂದು ಸಿಕ್ಕಿ ನೀರು ಟ್ಯಾಂಕಿಗೇ ಹಿಂದಿರುಗುತ್ತಿರಬೇಕು. ಎರಡನ್ನೂ ಬೇರ್ಪಡಿಸಲು ಸ್ಪ್ಯಾನರು ಬೇಡ, ಹಳೆಯ ಪತ್ರಿಕೆ ಸಾಕು. ರಾತ್ರಿ ಪ್ರತಿ ಜೋಡಣೆಯ ಕೆಳಗೆ ಹಾಸಿ, ಬೆಳಿಗ್ಗೆ ಒದ್ದೆ ಗುರುತು ಎಲ್ಲಿದೆ ನೋಡುವುದು. ನೀರು ಬಿದ್ದು ಒಣಗಿದ್ದರೂ ಪತ್ರಿಕೆಯ ಕಾಗದ ಸುಕ್ಕುಗಟ್ಟಿ ಸಾಕ್ಷಿ ಹೇಳುತ್ತದೆ. ಎಲ್ಲೂ ಸುಕ್ಕಿಲ್ಲದಿದ್ದರೆ ಕವಾಟವನ್ನು ಬಿಚ್ಚಬಹುದು.

ನಮ್ಮ ವ್ಯಾನಿನೊಳಗೆ ಪತ್ರಿಕೆಗಳೆಲ್ಲ ಗರಿಗರಿಯಾಗಿಯೇ ಇದ್ದವು. ಸೋರಿಕೆ ಹೊರಗಿತ್ತು. ಹಿಂಬದಿಯಲ್ಲಿ ಕಾಲು ತೊಳೆಯಲು ಇಟ್ಟ ನಲ್ಲಿಯದು. ಅದನ್ನು ನನಗೆ ತೋರಿಸಿದ್ದು ಗೊರವಂಕಗಳು.

ಬೇಸಿಗೆಯ ಮುಂಬಯಿಯಲ್ಲಿ ನೆಲದ ಮೇಲೆ ತೆರೆದ ನೀರು ಸಿಗುವುದು ಅಪರೂಪ. ಚರಂಡಿಗಳಿಗೆಲ್ಲ ಮುಚ್ಚಳ, ಟ್ಯಾಂಕುಗಳಿಗೆಲ್ಲ ಮುಚ್ಚಳ, ಅಂಗಳಗಳಿಗೆಲ್ಲ ಹಾಸುಗಲ್ಲು. ಹೀಗಿರುವಾಗ ಒಂದು ಜೋಡಿ ಗೊರವಂಕ ದಿನವೂ ಬೆಳಿಗ್ಗೆ ವ್ಯಾನಿನ ಹಿಂದಿನ ಚಕ್ರದ ಬಳಿಗೇ ಬಂದಿಳಿದರೆ ಅಲ್ಲೇನೋ ಇದೆ. ಇಳಿದು ನೋಡಿದರೆ ಮರದ ಬುಡದ ಮಣ್ಣಿನಲ್ಲಿ ತಟ್ಟೆಯಗಲದ ತೇವ, ಮೇಲೆ ನಲ್ಲಿಯ ತುದಿಯಲ್ಲಿ ತುಂಬಿಕೊಳ್ಳುತ್ತಿರುವ ಹನಿ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೆ, ಸೆಕೆಂಡಿಗೊಂದು ಹನಿ ಬೀಳುವ ನಲ್ಲಿ ದಿನಕ್ಕೆ ನಾಲ್ಕು ಲೀಟರಿನ ಮೇಲೆ ಕಳೆಯುತ್ತದೆ. ಇದು ಅಷ್ಟು ವೇಗದ್ದಲ್ಲ. ಆದರೂ 80 ಲೀಟರಿನ ಟ್ಯಾಂಕಿಗೂ, ಅದನ್ನು ಒತ್ತುತ್ತಿರುವ ಬ್ಯಾಟರಿಗೂ ಲೆಕ್ಕಕ್ಕೆ ಸಿಗುವಷ್ಟು ನಷ್ಟ.

ಪಕ್ಷಿವೀಕ್ಷಕನ ದೃಷ್ಟಿಯಲ್ಲಿ ಮಾತ್ರ ಆ ತೇವ ಒಂದು ಕೆರೆ. ಬೆಳಕು ಹರಿಯುವ ಮೊದಲೇ ಮಡಿವಾಳ ಹಕ್ಕಿ ಬಂದು ಬಾಲ ಎತ್ತಿ ಇಳಿಸಿ, ಹುಳ ಹೆಕ್ಕಿ ಹೋಗುತ್ತದೆ. ಬಿಸಿಲು ಬಿದ್ದ ಮೇಲೆ ಗೊರವಂಕ, ಗುಬ್ಬಿ. ಕಾಗೆ ಎಲ್ಲಿಂದಲೋ ತಂದ ಒಣ ಪಾವಿನ ತುಂಡನ್ನು ನಲ್ಲಿಯ ಕೆಳಗಿಟ್ಟು ಮೆತ್ತಗಾಗಲು ಕಾದು ನಿಲ್ಲುತ್ತದೆ. ಮತ್ತೊಂದು ಕಾಗೆ ಆ ಕಾಯುವಿಕೆಯನ್ನೇ ಕಾಯುತ್ತಿರುತ್ತದೆ. ನಡುಹಗಲಲ್ಲಿ ತಿಳಿಹಳದಿ ಚಿಟ್ಟೆಗಳು ಮಣ್ಣಿಗೆ ನಾಲಿಗೆ ಚಾಚಿ ಲವಣ ಹೀರುತ್ತವೆ. ಹನ್ನೊಂದರ ಬಿಸಿಲಿಗೆ ಕಣಜಗಳ ಸರದಿ. ಎರಡು ಜಾತಿ ಬರುತ್ತಿದ್ದವು. ಒಂದು ಕಪ್ಪು ಹಳದಿಯ, ದಾರದಷ್ಟು ತೆಳ್ಳನೆ ಸೊಂಟದ ಸ್ಕೆಲಿಫ್ರಾನ್, ಗೋಡೆಯ ಮೇಲೆ ಮಣ್ಣಿನ ಗೂಡು ಕಟ್ಟುವ ನಮ್ಮ ಹಳ್ಳಿಮನೆಗಳ ಕುಂಬಾರ ಹುಳ. ತಲೆ ಕೆಳಗೆ ಮಾಡಿ, ರೆಕ್ಕೆಯನ್ನು ಗುಂಯ್ಗುಡಿಸುತ್ತಾ ಹಸಿ ಮಣ್ಣನ್ನು ಉಂಡೆ ಕಟ್ಟಿ ದವಡೆಯಲ್ಲಿ ಎತ್ತಿಕೊಂಡು ಹೋಗುವುದು ಸೊಗಸು. ಇನ್ನೊಂದು ಮೈಯೆಲ್ಲ ಮಿರುಗುವ ನೀಲಿ. ಅದು ಕಡಿಮೆ ಹೊತ್ತು ನಿಲ್ಲುತ್ತಿತ್ತು. ಹೋಗುವಾಗ ಬೇರೆಲ್ಲಿಗೋ ಹಾರದೆ ವ್ಯಾನಿನ ಅಡಿಗೇ ನುಸುಳುತ್ತಿತ್ತು. ಅದನ್ನು ಬರೆದಿಟ್ಟುಕೊಂಡೆ, ಅಷ್ಟೆ.

ನಲ್ಲಿಯನ್ನು ಆ ವಾರವೇ ಸರಿಮಾಡಲಿಲ್ಲ. ಅದಕ್ಕೆ ನಾನೂ ಸ್ವಲ್ಪ ಕಾರಣ. ಗೊರವಂಕಗಳಿಗೆ ಮರಿ ಇತ್ತು. ಮಣ್ಣಿನ ಬಟ್ಟಲಿಗೆ ನೀರು ಹಾಕಿ ಪಕ್ಕದಲ್ಲಿಟ್ಟು, ಅವು ಅದಕ್ಕೆ ಒಗ್ಗಿಕೊಂಡ ಮೇಲೆ ನಲ್ಲಿ ಬಿಚ್ಚೋಣ ಎಂದು ಒಪ್ಪಿಸಿದ್ದೆ.

ಅಷ್ಟರಲ್ಲಿ ಎರಡನೆಯ ರೋಗ ಶುರುವಾಯಿತು. ಅಡುಗೆಯ ಸಿಂಕಿನ ನಲ್ಲಿ ತೆರೆದರೆ ಮೊದಲು ಧಾರೆ ಚೆನ್ನಾಗಿ ಬರುತ್ತದೆ, ಸ್ವಲ್ಪ ಹೊತ್ತಿಗೆ ಸೊರಗುತ್ತದೆ, ಆಮೇಲೆ ಬಳ್ಳಿಯಾಗಿ, ಕೊನೆಗೆ ಹನಿಯಾಗಿ ನಿಲ್ಲುತ್ತದೆ. ಪಂಪು ಮಾತ್ರ ಓಡುತ್ತಲೇ ಇರುತ್ತದೆ. ಕರೆಸಿದ ಪ್ಲಂಬರು ಕಿವಿಯಿಟ್ಟು ಕೇಳಿ, "ಹವಾ ಪಕಡ್ ಲಿಯಾ" (ಗಾಳಿ ಸಿಕ್ಕಿಕೊಂಡಿದೆ) ಎಂದ. ನೀರಿನ ಯಾವ ತೊಂದರೆಗೂ ಮುಂಬಯಿಯಲ್ಲಿ ಮೊದಲು ಹೇಳುವ ಕಾರಣ ಅದೇ, ಮತ್ತು ಹತ್ತರಲ್ಲಿ ಏಳು ಸಲ ಅದು ನಿಜವೂ ಹೌದು. ಟ್ಯಾಂಕಿನಿಂದ ಪಂಪಿನವರೆಗಿನ ಕೊಳವೆಯಲ್ಲಿ ಎಲ್ಲೋ ಗಾಳಿ ಸೇರಿದರೆ ಪೊರೆ ನೀರಿನ ಬದಲು ಗಾಳಿಯನ್ನೇ ಹಿಗ್ಗಿಸಿ ಕುಗ್ಗಿಸುತ್ತಾ ಕೂರುತ್ತದೆ.

ಹೀರುವ ಬದಿಯ ಬಿರುಕಿಗೆ ಒಂದು ವಿಚಿತ್ರ ಗುಣವಿದೆ. ಅದು ಸೋರುವುದಿಲ್ಲ. ಒತ್ತುವ ಬದಿಯ ಬಿರುಕು ಒಳಗಿನ ನೀರನ್ನು ಹೊರಗೆ ತೋರಿಸಿಕೊಡುತ್ತದೆ. ಹೀರುವ ಬದಿಯದು ಹೊರಗಿನ ಗಾಳಿಯನ್ನು ಗುಟ್ಟಾಗಿ ಕುಡಿಯುತ್ತದೆ, ಮೇಲೆ ಬೆರಳಾಡಿಸಿದರೆ ಒಣ. ಊರಿನ ದೊಡ್ಡ ಕೊಳವೆಗಳದೂ ಇದೇ ಕಥೆ. ನಮಗೆ ನೀರು ಬರುವುದು ದಿನದ ಕೆಲವೇ ಗಂಟೆ. ಬರುವಾಗ ಒತ್ತಡವಿದ್ದು ಬಿರುಕಿನಿಂದ ನೀರು ಹೊರಗೆ ಹೋಗುತ್ತದೆ. ಸರಬರಾಜು ನಿಂತು ಒತ್ತಡ ಬಿದ್ದಾಗ ಅದೇ ಬಿರುಕಿನಿಂದ ಸುತ್ತಲಿನ ಕೊಳೆ ಒಳಗೆ ನುಗ್ಗಬಹುದು. ಬೆಳಗಿನ ಮೊದಲ ನೀರು ಕೆಂಪಗೋ ಮಸುಕಾಗಿಯೋ ಇರುವುದು ಇದಕ್ಕೂ, ಕೊಳವೆಯ ತುಕ್ಕಿಗೂ ಸೇರಿ. ಹೀಗಾಗಿ ಗಾಡಿಯ ಟ್ಯಾಂಕಿಗೆ ಮೊದಲ ಬಕೆಟ್ಟುಗಳ ನೀರು ಹಾಕಬಾರದು. ತಿಳಿಯಾಗುವವರೆಗೆ ಗಿಡಗಳಿಗೆ ಬಿಟ್ಟು ಆಮೇಲೆ ತುಂಬಬೇಕು.

ಇಲ್ಲೊಂದು ವಿಚಿತ್ರವನ್ನು ಹೇಳದೆ ಹೋಗಲಾರೆ. 1892ರಲ್ಲಿ ಮುಗಿದ ತಾನ್ಸಾ ಅಣೆಕಟ್ಟಿನ ನೀರು, ಅದರಾಚೆಯ ವೈತರಣಾ ನೀರು, ಶಹಾಪುರದ ಬೆಟ್ಟಗಳಿಂದ ಸುಮಾರು ನೂರು ಕಿಲೋಮೀಟರ್ ದೂರ ಇಳಿಜಾರಿನ ಬಲದಲ್ಲೇ ಮುಂಬಯಿಗೆ ಬರುತ್ತದೆ. ಭಾತ್ಸಾ ನದಿಯ ನೀರನ್ನು ಮಾತ್ರ ದಾರಿಯಲ್ಲಿ ಪಂಪಿನಿಂದ ಎತ್ತಬೇಕು. ಅಷ್ಟು ದೂರ ತಾನಾಗಿ ಬಂದ ನೀರಿಗೆ ನಮ್ಮ ಕಟ್ಟಡ ತಲುಪಿದ ಮೇಲೆ ಮೇಲಿನ ಟ್ಯಾಂಕಿಗೆ ಏರಲು ಒಂದು ಪಂಪು, ವ್ಯಾನಿನ ಮಂಚದಡಿಯಿಂದ ಸಿಂಕಿನವರೆಗಿನ ಮೂರಡಿಗೆ ಇನ್ನೊಂದು ಪಂಪು. ಕೆಡುವುದೆಲ್ಲ ಈ ಕೊನೆಯ ಮೂರಡಿಯಲ್ಲೇ.

ಪ್ಲಂಬರು ಗಾಳಿ ತೆಗೆದ. ಪಾರದರ್ಶಕ ಕೊಳವೆಯಲ್ಲಿ ಗುಳ್ಳೆ ಕಾಣಲಿಲ್ಲ. ಕ್ಲಾಂಪುಗಳನ್ನು ಬಿಗಿ ಮಾಡಿದ. ಇಲಿ ಹಲ್ಲಿನ ಜೋಡಿ ಗೀರುಗಳಿವೆಯೇ ಎಂದು ಕೊಳವೆಯುದ್ದಕ್ಕೂ ನೋಡಿದೆವು. ಮುಂಬಯಿಯಲ್ಲಿ ನಿಂತ ಗಾಡಿಗೆ ಇಲಿಗಿಂತ ದೊಡ್ಡ ಶತ್ರುವಿಲ್ಲ. ಈ ಸಲ ಇಲಿ ನಿರಪರಾಧಿ. ಪಂಪಿನ ಮುಂದಿನ ಜಾಲರಿ ಬಿಚ್ಚಿದರೆ ಎರಡು ಪ್ಲಾಸ್ಟಿಕ್ ಸಿಪ್ಪೆ, ಟ್ಯಾಂಕಿಗೆ ತೂತು ಕೊರೆದ ದಿನದಿಂದ ಒಳಗೇ ಉಳಿದವು. ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್, ತುಂಬಿದ ಲೆಡ್ ಆಸಿಡ್ ಬ್ಯಾಟರಿಗೆ ಇರಬೇಕಾದಷ್ಟು. ಪಂಪು ಓಡುವಾಗ ಪಂಪಿನ ಕಾಲುಗಳ ಮೇಲೇ ಮೀಟರ್ ಹಿಡಿದು ನೋಡುವುದು ಮುಖ್ಯ, ಏಕೆಂದರೆ ತೆಳು ತಂತಿ, ಉಪ್ಪುಗಾಳಿಗೆ ಹಸಿರುಗಟ್ಟಿದ ಅರ್ತ್ ಜೋಡಣೆ ಇವು ನಡುದಾರಿಯಲ್ಲೇ ವೋಲ್ಟು ನುಂಗುತ್ತವೆ. ಅಲ್ಲೂ ಕೊರತೆ ಇರಲಿಲ್ಲ. ಫ್ಯೂಸಿನ ಪೆಟ್ಟಿಗೆಯಲ್ಲಿ ಹಲ್ಲಿಯ ಎರಡು ಮೊಟ್ಟೆ ಸಿಕ್ಕವು. ಅವನ್ನು ಅಲ್ಲೇ ಬಿಟ್ಟೆವು. ಸ್ವಿಚ್ಚಿನ ಸಂಪರ್ಕಗಳ ನಡುವೆ ಸತ್ತ ಇರುವೆಗಳು ತುಂಬಿ ಪಂಪು ಏಳದೇ ಹೋಗುವುದೂ ಉಂಟು. ಆದರೆ ಈ ಪಂಪು ಏಳದ ಪಂಪಲ್ಲ.

ಅದರ ದನಿಯನ್ನು ಕೇಳುತ್ತಾ ಕೂತೆ. ನೀರಿಲ್ಲದೆ ಓಡುವ ಪಂಪಿನ ದನಿ ಹಗುರ, ಏರು, ಗಲಗಲ. ನೀರು ಎಳೆಯುವಾಗ ತಗ್ಗಿದ ಗುಂಗು. ಇದು ಗುಂಗಿನಿಂದ ಶುರುವಾಗಿ ಗಲಗಲಕ್ಕೆ ಏರದೆ, ಬದಲಿಗೆ ಇನ್ನೂ ತಗ್ಗಿ ಏದುಸಿರು ಬಿಡುತ್ತಿತ್ತು. ಖಾಲಿಯನ್ನು ಎಳೆಯುವ ಸದ್ದಲ್ಲ, ಬಿಡದೆ ಹಿಡಿದಿರುವುದನ್ನು ಎಳೆಯುವ ಸದ್ದು. ಇನ್ನೂ ಎರಡು ಗುರುತು ಸಿಕ್ಕವು. ರಾತ್ರಿ ಕಳೆದು ಬೆಳಿಗ್ಗೆ ತೆರೆದರೆ ಧಾರೆ ಮತ್ತೆ ಸರಿಯಾಗಿರುತ್ತಿತ್ತು. ಮತ್ತೆ, ತೊಂದರೆ ಅತಿ ಹೆಚ್ಚಾಗಿ ಕಾಣುತ್ತಿದ್ದುದು ಟ್ಯಾಂಕು ತುಂಬಿಸಿದ ಕೂಡಲೆ! ಅರ್ಧ ಟ್ಯಾಂಕು ಇದ್ದಾಗ ನಲ್ಲಿ ಹೆಚ್ಚು ಹೊತ್ತು ಬರುತ್ತಿತ್ತು, ತುಂಬಿದ್ದಾಗ ಬೇಗ ನಿಲ್ಲುತ್ತಿತ್ತು. ಮನೆಯೊಡತಿ ಇದನ್ನು ಹೇಳಿದಾಗ ಪ್ಲಂಬರು ನಕ್ಕುಬಿಟ್ಟ. ನಾನು ಎರಡು ಸಲ ಬರೆದುಕೊಂಡೆ.

ಪಂಪು ನಿಮಿಷಕ್ಕೆ ಹತ್ತು ಲೀಟರ್ ನೀರು ಹೊರಹಾಕುತ್ತದೆ ಎಂದರೆ ಟ್ಯಾಂಕಿನೊಳಕ್ಕೆ ನಿಮಿಷಕ್ಕೆ ಹತ್ತು ಲೀಟರ್ ಗಾಳಿ ಬರಲೇಬೇಕು. ಅದಕ್ಕೆಂದೇ ಟ್ಯಾಂಕಿನ ನೆತ್ತಿಯಿಂದ ಗಾಡಿಯ ಅಡಿಗೆ ಒಂದು ಸಣ್ಣ ಉಸಿರುಕೊಳವೆ ಇಳಿದಿರುತ್ತದೆ. ಅದು ಮುಚ್ಚಿದರೆ ಒಳಗಿರುವ ಗಾಳಿಯೇ ಹಿಗ್ಗಬೇಕು. ತುಂಬಿದ ಟ್ಯಾಂಕಿನಲ್ಲಿ 5 ಲೀಟರ್ ಗಾಳಿ ಇದೆ ಎಂದುಕೊಳ್ಳಿ. ಒಂದು ಲೀಟರ್ ನೀರು ತೆಗೆದರೆ ಅದೇ ಗಾಳಿ 6 ಲೀಟರಿಗೆ ಹಿಗ್ಗಬೇಕು, ಒತ್ತಡ ಆರನೆಯ ಒಂದು ಪಾಲು ಇಳಿಯುತ್ತದೆ. ಅರ್ಧ ಟ್ಯಾಂಕಿನಲ್ಲಿ 40 ಲೀಟರ್ ಗಾಳಿ. ಅದೇ ಒಂದು ಲೀಟರಿಗೆ ಒತ್ತಡ ಇಳಿಯುವುದು ನಲವತ್ತೊಂದರಲ್ಲಿ ಒಂದು ಪಾಲು. ಪಂಪಿಗೆ ಅದು ಗೊತ್ತೇ ಆಗುವುದಿಲ್ಲ. ಟ್ಯಾಂಕಿನ ಮೈ ಸ್ವಲ್ಪ ಒಳಕ್ಕೆ ಬಾಗಿ ಸಹಕರಿಸುವುದರಿಂದ ಲೆಕ್ಕ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲ, ಆದರೆ ದಿಕ್ಕು ಇದೇ. ರಾತ್ರಿಯೆಲ್ಲ ಮುಚ್ಚಳದ ಸಂದಿಯಿಂದ ಗಾಳಿ ನಿಧಾನವಾಗಿ ಜಿನುಗಿ ಒತ್ತಡ ಸರಿಹೋಗುತ್ತದೆ, ಬೆಳಿಗ್ಗೆ ಎಲ್ಲ ಸರಿ ಅನ್ನಿಸುತ್ತದೆ.

ಪರೀಕ್ಷೆ ಸುಲಭ. ಧಾರೆ ಸೊರಗಿದ ಹೊತ್ತಿಗೆ ನೀರು ತುಂಬುವ ಮುಚ್ಚಳವನ್ನು ತಿರುಗಿಸಿದೆವು. ಹುಸ್ಸೆಂದು ಗಾಳಿ ಒಳಗೆ ನುಗ್ಗಿತು, ಟ್ಯಾಂಕಿನ ಗೋಡೆ ಡಬ್ಬೆಂದು ಹಿಂದಕ್ಕೆ ಬಂತು, ಸಿಂಕಿನಲ್ಲಿ ಧಾರೆ ಚಿಮ್ಮಿತು. ನೀರು ತುಂಬಿಸುವಾಗ ಬಾಯಿ ತೇಗಿ ತೇಗಿ ನೀರು ಹಿಂದಕ್ಕೆ ಉಗುಳುತ್ತಿದ್ದುದಕ್ಕೂ ಇದೇ ಕಾರಣ. ಉಸಿರುಕೊಳವೆ ಎರಡೂ ಕಡೆಗೆ ಬೇಕು.

ಗಾಡಿಯ ಅಡಿಗೆ ಮಲಗಿ ಕೊಳವೆಯ ತುದಿ ನೋಡಿದರೆ ಅಲ್ಲಿ ನುಣ್ಣಗೆ ಬಳಿದ ಮಣ್ಣಿನ ಬಿರಡೆ. ಮಳೆಮರದ ಬುಡದ ಮಣ್ಣಿನ ಬಣ್ಣವೇ. ನೀಲಿ ಕಣಜ ವ್ಯಾನಿನ ಅಡಿಗೆ ನುಸುಳುತ್ತಿದ್ದುದರ ಅರ್ಥ ಆಗ ಆಯಿತು.

ಕೊಳವೆಯ ಆ ಗೇಣುದ್ದದ ತುದಿಯನ್ನು ಕತ್ತರಿಸಿ ತೆಗೆದೆವು. ಬಿರಡೆಯ ಹಿಂದೆ ಅಡಕವಾಗಿ ತುಂಬಿದ ಜೇಡಗಳಿದ್ದವು. ಸತ್ತಿರಲಿಲ್ಲ, ಕುಟುಕಿ ಮರಗಟ್ಟಿಸಿದವು. ಕಡ್ಡಿಯಿಂದ ಮುಟ್ಟಿದರೆ ಒಂದರ ಕಾಲಿನ ತುದಿ ಸಣ್ಣಗೆ ಮಿಡಿಯಿತು. ಒಂದರ ಹೊಟ್ಟೆಗೆ ಅಂಟಿಕೊಂಡು ಬಿಳಿಯ ಮೊಟ್ಟೆ. ಇದು ಕ್ಯಾಲಿಬಿಯಾನ್ ಕುಲದ ಕಣಜ. ಕುಂಬಾರ ಹುಳದ ಹಾಗೆ ಸ್ವತಃ ಗೂಡು ಕಟ್ಟುವ ಗೋಜಿಗೆ ಹೋಗದೆ ಬಿದಿರಿನ ತೂತು, ಬೀಗದ ಕಿಂಡಿ, ಹಳೆಯ ಗೂಡು, ಹೀಗೆ ಸಿದ್ಧವಿರುವ ಪೊಟರೆಯನ್ನೇ ಆರಿಸುತ್ತದೆ. ಜೇಡ ತುಂಬಿ, ಮೊಟ್ಟೆಯಿಟ್ಟು, ಬಾಗಿಲು ಮುಚ್ಚುವುದಕ್ಕೆ ಮಾತ್ರ ಅದಕ್ಕೆ ಹಸಿ ಮಣ್ಣು ಬೇಕು. ಬೆರಳ ದಪ್ಪದ, ಒಣಗಿದ, ನೆರಳಿನಲ್ಲಿ ನೆಲದ ಕಡೆ ಮುಖ ಮಾಡಿದ ಕೊಳವೆಗಿಂತ ಒಳ್ಳೆಯ ಮನೆ ಅದಕ್ಕೆ ಮಾಟುಂಗದಲ್ಲಿ ಎಲ್ಲಿ ಸಿಗಬೇಕು? ಸುತ್ತಲೂ ಸಿಮೆಂಟು ಹಾಸಿದ ಗಲ್ಲಿಯಲ್ಲಿ ಮೇ ತಿಂಗಳ ಬಿಸಿಲಿಗೆ ಹಸಿ ಮಣ್ಣು ಒದಗಿಸಿದ್ದೂ ಆ ಗಾಡಿಯೇ. ಹಿಂದಿನ ನಲ್ಲಿಯಿಂದ ಸೋರಿದ ನೀರು ಟ್ಯಾಂಕಿನ ಮೂಗಿಗೆ ಮಣ್ಣಾಗಿ ಹಿಂದಿರುಗಿತ್ತು.

ಇದೇನು ಸಣ್ಣ ಕೀಟದ ಸಣ್ಣ ಚೇಷ್ಟೆ ಎನ್ನುವಂತಿಲ್ಲ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪ್ವೆರ್ತೊ ಪ್ಲಾತಾದಿಂದ ಹೊರಟ ಬಿರ್ಗೆನ್ಏರ್ ವಿಮಾನ ಸಮುದ್ರಕ್ಕೆ ಬಿದ್ದು ಅದರಲ್ಲಿದ್ದ 189 ಮಂದಿಯೂ ಸತ್ತರು. ವೇಗ ಅಳೆಯುವ ಪಿಟೊ ಕೊಳವೆಯೊಂದು ಕಟ್ಟಿಕೊಂಡು ಪೈಲಟ್ಟಿಗೆ ತಪ್ಪು ವೇಗ ತೋರಿಸಿತ್ತು. ಮುಸುಕು ಹಾಕದೆ ನಿಂತಿದ್ದ ವಿಮಾನದ ಆ ಕೊಳವೆಯೊಳಗೆ ಮಣ್ಣಿನ ಕಣಜ ಗೂಡು ಮಾಡಿರಬೇಕೆಂಬುದು ತನಿಖೆಯವರ ಊಹೆ. ಕೊಳವೆ ಸಿಕ್ಕಲಿಲ್ಲವಾದ್ದರಿಂದ ಊಹೆ ಊಹೆಯಾಗಿಯೇ ಉಳಿಯಿತು.

ಕತ್ತರಿಸಿದ ತುಂಡನ್ನು ಎಸೆಯಲು ಮನಸ್ಸಾಗದೆ ನನ್ನ ಬಾಲ್ಕನಿಯ ಸರಳಿಗೆ ತಂತಿಯಿಂದ ಕಟ್ಟಿದೆ. ತೆರೆದ ಬಾಯಿಗೆ ಒದ್ದೆ ಮಣ್ಣು ಮೆತ್ತಿದೆ, ಕಣಜದ ನುಣುಪು ನನ್ನ ಕೈಗೆ ಬರಲಿಲ್ಲ. ಮಳೆ ಹಿಡಿದ ಮೇಲೆ ಒಂದು ಬೆಳಿಗ್ಗೆ ನಾನು ಮೆತ್ತಿದ ಮಣ್ಣಿನಲ್ಲಿ ದುಂಡನೆಯ ತೂತು ಇತ್ತು. ಹೊರಟವರನ್ನು ನೋಡಲು ಸಿಗಲಿಲ್ಲ.

ನಲ್ಲಿಯ ಕೆಲಸ ಆಮೇಲೆ ಅರ್ಧ ಗಂಟೆಯದು. ಪಂಪಿನ ಸ್ವಿಚ್ ಆರಿಸಿ, ನಲ್ಲಿ ತೆರೆದು ಒತ್ತಡ ಬಿಟ್ಟು, ಹಿಡಿ ಬಿಚ್ಚಿದರೆ ಒಳಗಿನ ರಬ್ಬರ್ ಉಂಗುರ ಚಪ್ಪಟೆಯಾಗಿ ಹೊಳೆಯುತ್ತಿತ್ತು. ಮಾಟುಂಗದ ಮಾರುಕಟ್ಟೆಯಲ್ಲಿ, ಹೂವಿನ ಸಾಲಿನಿಂದ ಸ್ವಲ್ಪ ಮುಂದೆ, ಅಂಥ ಉಂಗುರ ಚಿಲ್ಲರೆ ಕಾಸಿಗೆ ಸಿಗುತ್ತದೆ. ಹಳೆಯದನ್ನು ಜೊತೆಗೆ ಒಯ್ಯಬೇಕು, ಅಷ್ಟೆ. ಬಾಯಲ್ಲಿ ಅಳತೆ ಹೇಳಿದರೆ ಅಂಗಡಿಯವ ಮೂರು ಬಗೆ ಕೊಡುತ್ತಾನೆ.

ಸಿಂಕಿನ ನಲ್ಲಿಯ ಮೂತಿಯಲ್ಲಿದ್ದ ಏರೇಟರನ್ನೂ ಬಿಚ್ಚಿ ಮಸೂರದಡಿ ಇಟ್ಟೆ. ಆ ನಾಣ್ಯದಗಲದ ಜಾಲರಿ ಗಾಡಿಯ ದಿನಚರಿ ಪುಸ್ತಕ. ತುಕ್ಕಿನ ಚಕ್ಕೆಗಳು ಮಾಟುಂಗದವು. ಹೊಳೆಯುವ ಸಣ್ಣ ಮರಳು ಕೊಂಕಣದ ಯಾವುದೋ ಬಾವಿಯದು. ಅಂಚಿನಲ್ಲಿ ಗಟ್ಟಿಯಾಗಿ ಕೂತ ಬಿಳಿ ಪದರ ಇಲ್ಲಿನದಲ್ಲ. ಮುಂಬಯಿಯ ಕೆರೆನೀರು ಮೆದು, ಇಷ್ಟು ಸುಣ್ಣ ಬಿಡುವುದಿಲ್ಲ. ಅದು ವಿಜಯಪುರದ ಕೊಳವೆಬಾವಿಯದು. ನಿಂಬೆರಸ ಬಿಟ್ಟರೆ ನೊರೆಯೆದ್ದು ಕರಗಿತು. ಸುಣ್ಣವಾದರೆ ಹುಳಿಗೆ ನೊರೆ ಬರುತ್ತದೆ, ಮರಳಾದರೆ ಬರುವುದಿಲ್ಲ. ಒಂದೇ ನಲ್ಲಿ ಸೊರಗಿದ್ದು ಉಳಿದವು ಸರಿಯಿದ್ದರೆ ಪಂಪನ್ನು ಮುಟ್ಟುವ ಮುಂಚೆ ಇದನ್ನೇ ಬಿಚ್ಚಿ ನೋಡಬೇಕು. ಎಲ್ಲ ನಲ್ಲಿಗಳೂ ಒಟ್ಟಿಗೆ ಸೊರಗಿದ್ದರೆ ಹುಡುಕಾಟ ಪಂಪಿನ ಹಿಂದಕ್ಕೆ ಹೋಗಬೇಕು.

ಜಾಲರಿಯ ಒಳಮೈಯಲ್ಲಿ ಜಾರುವ ಗುಲಾಬಿ ಲೋಳೆಯೂ ಇತ್ತು. ಅದು ಬ್ಯಾಕ್ಟೀರಿಯಾಗಳ ವಸಾಹತು. ಪಾರದರ್ಶಕ ಕೊಳವೆಗೆ ಬೆಳಕು ಬೀಳುವಲ್ಲಿ ಹಸಿರು ಪಾಚಿಯ ಕೂದಲೂ ಬೆಳೆದಿತ್ತು. ಬೇಸಿಗೆಯ ಮುಂಬಯಿಯಲ್ಲಿ ನಿಂತ ಗಾಡಿಯ ನೀರು ಸದಾ ಉಗುರುಬೆಚ್ಚಗಿರುತ್ತದೆ, ಸೂಕ್ಷ್ಮಜೀವಿಗಳಿಗೆ ಇದಕ್ಕಿಂತ ಬೇರೆ ಔತಣ ಬೇಡ. ನೂರು ಲೀಟರ್ ನೀರಿಗೆ ಶೇಕಡ 5ರ ಸೋಡಿಯಂ ಹೈಪೊಕ್ಲೋರೈಟ್ 100 ಮಿಲಿಲೀಟರ್ ಬೆರೆಸಿದರೆ ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಆಗುತ್ತದೆ. ನಮ್ಮ 80 ಲೀಟರಿಗೆ 80 ಮಿಲಿಲೀಟರ್. ಪ್ರತಿ ನಲ್ಲಿಯಲ್ಲೂ ವಾಸನೆ ಬರುವವರೆಗೆ ಹರಿಸಿ, ಕೆಲವು ಗಂಟೆ ಬಿಟ್ಟು, ಪೂರ್ತಿ ಖಾಲಿ ಮಾಡಿ, ವಾಸನೆ ಹೋಗುವ ತನಕ ತೊಳೆದರು. ಪಾರದರ್ಶಕ ಕೊಳವೆಯ ಜಾಗಕ್ಕೆ ಕಪ್ಪು ಕೊಳವೆ ಬಂತು. ಪಂಪಿನ ಮುಂದಿನ ಗೇಣುದ್ದ ಮಾತ್ರ, ಗುಳ್ಳೆ ನೋಡಲೆಂದು, ಪಾರದರ್ಶಕವಾಗಿಯೇ ಉಳಿಸಿ ಮೇಲೆ ಬಟ್ಟೆ ಸುತ್ತಿದೆವು.

ಉಸಿರುಕೊಳವೆಯ ಹೊಸ ತುದಿಗೆ ಏನು ಹಾಕುವುದೆಂಬ ಚರ್ಚೆ ಜೂನ್ ತಿಂಗಳವರೆಗೆ ಎಳೆಯಿತು. ಕಣಜ ತಡೆಯಲು ದೊಡ್ಡ ಕಣ್ಣಿನ ಜಾಲರಿ ಸಾಕು. ಆದರೆ ಈ ಊರಿನಲ್ಲಿ ಟ್ಯಾಂಕಿನ ಬಾಯಿ ಎಂದರೆ ಸೊಳ್ಳೆಯನ್ನು ಮರೆಯುವಂತಿಲ್ಲ. 1911ರಲ್ಲಿ ಸಿ. ಎ. ಬೆಂಟ್ಲಿ ಬೊಂಬಾಯಿಯ ಮಲೇರಿಯಾದ ಬಗ್ಗೆ ವರದಿ ಕೊಟ್ಟಾಗ ತಪ್ಪಿತಸ್ಥನೆಂದು ಬೆರಳು ತೋರಿಸಿದ್ದು ಗದ್ದೆ ಜೌಗಿನ ಸೊಳ್ಳೆಗಲ್ಲ, ಮನೆಯಂಗಳದ ಬಾವಿ ತೊಟ್ಟಿಗಳ ತಿಳಿನೀರಿನಲ್ಲಿ ಹುಟ್ಟುವ ಅನಾಫಿಲಿಸ್ ಸ್ಟೀಫೆನ್ಸಿಗೆ. ಆಮೇಲೆ ನಗರದ ಎಷ್ಟೋ ಬಾವಿಗಳು ಮುಚ್ಚಿದವು, ಪೂಜೆಗೆ ಬಾವಿನೀರೇ ಬೇಕೆಂದ ಪಾರ್ಸಿಗಳು ವಿರೋಧಿಸಿದರು. ಬಾವಿ ಹೋದ ಮೇಲೆ ಸೊಳ್ಳೆ ತಾರಸಿಯ ಟ್ಯಾಂಕಿಗೆ ಏರಿತು. ಇಂದಿಗೂ ಪಾಲಿಕೆಯವರು ಏಣಿ ಹತ್ತಿ ಮುಚ್ಚಳ ತೆಗೆದು ನೋಡುತ್ತಾರೆ. ಮುಂಗಾರಿನ ಮೊದಲ ವಾರ ಬಂದವರಲ್ಲೊಬ್ಬರು ವ್ಯಾನಿನ ಕೆಳಗೂ ಬಗ್ಗಿ ನೋಡಿ, ನಾನು ಗೊರವಂಕಕ್ಕೆ ಇಟ್ಟ ಬಟ್ಟಲನ್ನು ಕಾಲಿನಿಂದ ಮಗುಚಿ ಹೋದರು. ಅವರದು ಸರಿ. ಮೊಟ್ಟೆಯಿಂದ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ಬಟ್ಟಲಿನ ನೀರನ್ನು ದಿನವೂ ಚೆಲ್ಲಿ ಹೊಸದು ಹಾಕುತ್ತೇನೆಂಬುದು ಅವರಿಗೆ ಹೇಗೆ ಗೊತ್ತಾಗಬೇಕು?

ಕೊನೆಗೆ ಸೊಳ್ಳೆ ನುಸುಳದ ಸಣ್ಣ ಕಣ್ಣಿನ ಸ್ಟೀಲ್ ಜಾಲರಿಯನ್ನೇ ಕ್ಲಾಂಪಿನಿಂದ ಬಿಗಿದರು. ಅದಕ್ಕೆ ಅದರದೇ ತೊಂದರೆ. ಮಳೆಮರದ ಹಿಟ್ಟು ತಿಗಣೆಗಳು ಸುರಿಸುವ ಅಂಟು, ಅದರ ಮೇಲೆ ಕೂರುವ ರಸ್ತೆಯ ಧೂಳು, ಮಳೆಗಾಲದಲ್ಲಿ ಚಕ್ರ ಚಿಮ್ಮಿಸುವ ಕೆಸರು, ಎಲ್ಲ ಸೇರಿ ಸಣ್ಣ ಕಣ್ಣುಗಳು ಬೇಗ ಕಟ್ಟುತ್ತವೆ. ಆದ್ದರಿಂದ ಜಾಲರಿಯ ವಿಸ್ತಾರ ಹೆಚ್ಚಿಸಲು ಕೊಳವೆಯ ತುದಿಗೆ ಸಣ್ಣ ಆಲಿಕೆ ಕೂರಿಸಿ, ಅದರ ಅಗಲ ಬಾಯಿಗೆ ಜಾಲರಿ ಕಟ್ಟಿದ್ದಾರೆ. ಪಯಣಕ್ಕೆ ಮುಂಚೆ, ಬಂದ ಮೇಲೆ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಮ್ಮೆ ತಿಕ್ಕುತ್ತಾರೆ. ಬ್ರಷ್ಷು ಫ್ಯೂಸ್ ಪೆಟ್ಟಿಗೆಯ ಪಕ್ಕದ ಅರೆಯಲ್ಲಿರುತ್ತದೆ, ಬಿಡಿ ರಬ್ಬರ್ ಉಂಗುರಗಳ ಡಬ್ಬಿಯ ಜೊತೆ.